ಎಂಜಿನ್ ಇಳಿಸಿ ಮತ್ತೆ ಕೂರಿಸಿದ ಮೇಲೆ ಸ್ಟಾರ್ಟರ್ ವೈರಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಮಾರುತಿ 800 ಅಥವಾ ಅಂಥದ್ದೇ ಒಂದು ಸಣ್ಣ ಪೆಟ್ರೋಲ್ ಕಾರನ್ನು ಬಿಚ್ಚಿ, ಎಂಜಿನ್ ಕೆಲಸ ಮಾಡಿಸಿ, ಬಣ್ಣ ಹೊಡೆಸಿ, ಮತ್ತೆ ಜೋಡಿಸುತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ. ಮಾರುತಿ 800 ಮಾರಾಟ 2014ಕ್ಕೆ ನಿಂತರೂ ಅದರ 796 ಸಿಸಿ ಎಂಜಿನ್ ಮನೆಯಂಗಳದಲ್ಲೇ ಕೆಲಸ ಕಲಿಯಲು ಹೇಳಿಮಾಡಿಸಿದಂತಿದೆ. ಎಲ್ಲಾ ಜೋಡಿಸಿ ಮುಗಿಸಿ ಕೀ ತಿರುಗಿಸಿದಾಗ ಸೆಲ್ಫ್ ಹೊಡೆಯದಿದ್ದರೆ, ಬಹಳಷ್ಟು ಜನ ಸೆಲ್ಫ್ ಮೋಟರ್ (ಅಂದರೆ ಸ್ಟಾರ್ಟರ್) ಹೋಗಿದೆ ಅಂದುಕೊಂಡು ಅದನ್ನೇ ಬಿಚ್ಚುತ್ತಾರೆ. ಬಿಚ್ಚುವ ಮುಂಚೆ ಮೋಟರ್ ಚೆನ್ನಾಗಿಯೇ ತಿರುಗುತ್ತಿತ್ತು ಅಂದರೆ, ಮೊದಲು ಅನುಮಾನ ಪಡಬೇಕಾದದ್ದು ವೈರಿಂಗ್ ಮೇಲೆ, ಅದರಲ್ಲೂ ಅರ್ತ್ ಮೇಲೆ, ಅಂದರೆ ಕರೆಂಟ್ ಲೋಹದ ಮೈ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿಯ ಮೇಲೆ.

ಸ್ಟಾರ್ಟರ್‌ನಲ್ಲಿ ವೈರ್ ಕೂರುವ ಜಾಗ ಎಷ್ಟು?

ಈಗಿನ ಹೆಚ್ಚಿನ ಕಾರುಗಳಲ್ಲಿ ಮೋಟರ್ ಬೆನ್ನ ಮೇಲೆಯೇ ಸೊಲೆನಾಯ್ಡ್ (ಕೀ ತಿರುಗಿಸಿದಾಗ ಮೋಟರಿಗೆ ಕರೆಂಟ್ ಕೊಡುವ ವಿದ್ಯುತ್ಕಾಂತದ ಸ್ವಿಚ್) ಕೂತಿರುತ್ತದೆ. ಅದರ ಹಿಂಬದಿಯ ಕಪ್ಪು ಮುಚ್ಚಳದಲ್ಲಿ ಎರಡು ದೊಡ್ಡ ಬೋಲ್ಟು, ಒಂದು ಸಣ್ಣ ಟರ್ಮಿನಲ್ ಇರುತ್ತವೆ. ಒಂದು ದೊಡ್ಡ ಬೋಲ್ಟಿಗೆ ಬ್ಯಾಟರಿಯ ಪಾಸಿಟಿವ್ ಕೇಬಲ್ ಬರುತ್ತದೆ. ಇದಕ್ಕೆ 30 ಅಥವಾ ಬಿ ಅನ್ನುತ್ತಾರೆ. ಇನ್ನೊಂದು ದೊಡ್ಡ ಬೋಲ್ಟಿನಿಂದ ಒಂದು ಗಿಡ್ಡ ಪಟ್ಟಿಯೋ ದಪ್ಪ ವೈರೋ ಮೋಟರ್ ಒಳಗೆ ಹೋಗುತ್ತದೆ. ಇದು ಎಂ ಅಥವಾ ಸಿ. ಸಣ್ಣ ಟರ್ಮಿನಲ್‌ಗೆ ಕೀ ಕಡೆಯಿಂದ ತೆಳು ವೈರ್ ಬರುತ್ತದೆ. ಇದು 50 ಅಥವಾ ಎಸ್.

30, 50 ಅನ್ನುವ ನಂಬರುಗಳು ಜರ್ಮನಿಯ ಡಿಐಎನ್ 72552 ಮಾನಕದಿಂದ ಬಂದವು. ಬಾಷ್ ಸ್ಟಾರ್ಟರ್‌ಗಳ ಮೇಲೆ ಇವನ್ನು ನೋಡಬಹುದು. ಅದೇ ಪಟ್ಟಿಯಲ್ಲಿ 15 ಅಂದರೆ ಕೀ ಆನ್ ಆದಾಗ ಕರೆಂಟ್ ಬರುವ ಲೈನ್, 31 ಅಂದರೆ ಅರ್ತ್.

ನಾಲ್ಕನೆಯದೊಂದಿದೆ, ಅದಕ್ಕೆ ವೈರೇ ಇಲ್ಲ. ಮೋಟರಿನ ಲೋಹದ ಮೈ ಗೇರ್‌ಬಾಕ್ಸ್ ಹೌಸಿಂಗಿಗೆ ತಾಗಿ ಅರ್ತ್ ತಗೊಳ್ಳುತ್ತದೆ. ಜನ ಮರೆಯುವುದು ಇದನ್ನೇ.

ಎರಡು ದೊಡ್ಡ ಬೋಲ್ಟು ನೋಡಲು ಒಂದೇ ಥರ ಇವೆ. ಬ್ಯಾಟರಿ ಕೇಬಲ್ ಯಾವುದಕ್ಕೆ?

ಮೋಟರ್ ಒಳಗೆ ಹೋಗುವ ಪಟ್ಟಿ ಎಲ್ಲಿ ಕೂತಿದೆಯೋ ಅದನ್ನು ಬಿಟ್ಟು ಇನ್ನೊಂದಕ್ಕೆ. ಮೇಲೆ ಅಚ್ಚಾದ ಅಕ್ಷರ ಅಳಿಸಿಹೋಗಿದ್ದರೂ ಈ ಗುರುತು ಸಾಕು.

ಕೀ ತಿರುಗಿಸಿದಾಗ ಸೊಲೆನಾಯ್ಡ್ ಒಳಗೆ ಏನಾಗುತ್ತದೆ? ತಿಳಿದುಕೊಂಡು ಏನು ಉಪಯೋಗ?

ಇದು ತಿಳಿದರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಹುದು.

ಸೊಲೆನಾಯ್ಡ್ ಒಳಗೆ ಎರಡು ಕಾಯಿಲ್ ಇವೆ. ಎರಡಕ್ಕೂ ಕರೆಂಟ್ ಬರುವುದು 50ರಿಂದ. ಮೊದಲನೆಯದು ದಪ್ಪ ತಂತಿಯದು, ಎಳೆಯುವ ಕಾಯಿಲ್. ಅದರ ಇನ್ನೊಂದು ತುದಿ ಎಂ ಬೋಲ್ಟಿಗೆ ಸೇರಿದೆ, ಅಂದರೆ ಅದು ಮೋಟರ್ ಮೂಲಕ ಅರ್ತ್ ತಗೊಳ್ಳುತ್ತದೆ. ಎರಡನೆಯದು ತೆಳು ತಂತಿಯದು, ಹಿಡಿದಿಡುವ ಕಾಯಿಲ್. ಅದರ ಇನ್ನೊಂದು ತುದಿ ನೇರವಾಗಿ ಸೊಲೆನಾಯ್ಡ್ ಮೈಗೆ ಅರ್ತ್ ಆಗಿದೆ.

ಕೀ ತಿರುಗಿಸಿದ ತಕ್ಷಣ ಎರಡೂ ಸೇರಿ ಒಳಗಿನ ಕಬ್ಬಿಣದ ತುಂಡನ್ನು ಎಳೆಯುತ್ತವೆ. ಅದು ಫೋರ್ಕ್ ಮೂಲಕ ಬೆಂಡಿಕ್ಸನ್ನು (ಮೋಟರ್ ತುದಿಯ ಸಣ್ಣ ಹಲ್ಲುಚಕ್ರವನ್ನು) ಮುಂದಕ್ಕೆ ತಳ್ಳಿ ಫ್ಲೈವೀಲ್ ಹಲ್ಲಿಗೆ ಕೂರಿಸುತ್ತದೆ. ಹಲ್ಲು ಕೂತ ಮೇಲೆ ಆ ತುಂಡಿನ ಇನ್ನೊಂದು ತುದಿಯ ತಾಮ್ರದ ಬಿಲ್ಲೆ 30 ಮತ್ತು ಎಂ ಬೋಲ್ಟುಗಳನ್ನು ಒಟ್ಟಿಗೆ ಸೇರಿಸುತ್ತದೆ. ಆಗ ಮೋಟರ್ ಪೂರ್ತಿ ಶಕ್ತಿಯಿಂದ ತಿರುಗುತ್ತದೆ. ಆ ಗಳಿಗೆಯಲ್ಲಿ ಎಳೆಯುವ ಕಾಯಿಲಿನ ಎರಡೂ ತುದಿಗೆ 12 ವೋಲ್ಟ್ ಬಂದುಬಿಡುತ್ತದೆ, ಅದರಲ್ಲಿ ಕರೆಂಟ್ ನಿಲ್ಲುತ್ತದೆ. ಆಮೇಲೆ ತೆಳು ಕಾಯಿಲ್ ಒಂದೇ ಹಿಡಿದಿಡುತ್ತದೆ. ಎಷ್ಟು ಚೆನ್ನಾಗಿ ಯೋಚಿಸಿ ಮಾಡಿದ್ದಾರೆ ನೋಡಿ: ಹಲ್ಲು ಕೂರುವ ತನಕ ಮೋಟರಿಗೆ ಪೂರ್ತಿ ಕರೆಂಟ್ ಸಿಗುವುದೇ ಇಲ್ಲ.

ಇದರಿಂದ ಒಂದು ವಿಷಯ ಗೊತ್ತಾಗುತ್ತದೆ. ಎಂ ಬೋಲ್ಟಿನ ಪಟ್ಟಿ ಸಡಿಲವಾಗಿದ್ದರೆ ಅಥವಾ ಕಾರ್ಬನ್ ಬ್ರಷ್ ಸವೆದಿದ್ದರೆ ಎಳೆಯುವ ಕಾಯಿಲಿಗೆ ಅರ್ತ್ ಸಿಗುವುದಿಲ್ಲ. ಆಗ ವೈರಿಂಗ್ ಎಲ್ಲಾ ಸರಿ ಇದ್ದರೂ ಟಕ್ ಅನ್ನುವ ಶಬ್ದ ಕೂಡ ಬರದೆ ಹೋಗಬಹುದು.

ವೈರ್ ಅದಲು ಬದಲಾದರೆ ಏನಾಗುತ್ತದೆ?

ಯಾವುದು ಎಲ್ಲಿಗೆ ಹೋಯಿತು ಅನ್ನುವುದರ ಮೇಲಿದೆ.

ಬ್ಯಾಟರಿ ಕೇಬಲ್ ಎಂ ಬೋಲ್ಟಿಗೆ ಹೋದರೆ, ಬ್ಯಾಟರಿ ಟರ್ಮಿನಲ್ ತಾಗಿಸಿದ ಕೂಡಲೇ ಮೋಟರ್ ತಿರುಗಲು ಶುರು ಮಾಡುತ್ತದೆ. ಕೀ ಬೇಕಾಗಿಯೇ ಇಲ್ಲ. ಬೆಂಡಿಕ್ಸ್ ಮುಂದೆ ಬರದ ಕಾರಣ ಎಂಜಿನ್ ತಿರುಗುವುದಿಲ್ಲ, ಮೋಟರ್ ಒಂದೇ ಗುಯ್ಯ್ ಅನ್ನುತ್ತದೆ. ಸೀರೀಸ್ ವೈಂಡಿಂಗ್ ಮೋಟರಿಗೆ (ಹೊರಗಿನ ಸುರುಳಿ, ತಿರುಗುವ ಸುರುಳಿ ಎರಡರಲ್ಲೂ ಒಂದೇ ಕರೆಂಟ್ ಸಾಲಾಗಿ ಹರಿಯುವ ಮೋಟರಿಗೆ) ಲೋಡ್ ಇಲ್ಲದಿದ್ದರೆ ವೇಗ ಮಿತಿಮೀರಿ ಏರುತ್ತದೆ. ಹೀಗೆ ಬಿಟ್ಟರೆ ಆರ್ಮೇಚರ್ (ಮೋಟರಿನ ತಿರುಗುವ ಭಾಗ) ಹಾಳಾಗುತ್ತದೆ.

ಸದಾ ಕರೆಂಟ್ ಇರುವ ವೈರ್, ಉದಾಹರಣೆಗೆ ಆಲ್ಟರ್ನೇಟರಿನಿಂದ ಬರುವ ವೈರ್, 50ಕ್ಕೆ ಹೋದರೆ ಇನ್ನೂ ಅಪಾಯ. ಬ್ಯಾಟರಿ ಹಾಕಿದ ಕೂಡಲೇ ಸೆಲ್ಫ್ ನಿಜವಾಗಿಯೇ ಹೊಡೆಯುತ್ತದೆ. ಗಾಡಿ ಗೇರಿನಲ್ಲಿದ್ದರೆ ಮುಂದಕ್ಕೆ ಹಾರುತ್ತದೆ. ನೀವು ಬಾನೆಟ್ ಎದುರಿಗೇ ನಿಂತಿರುತ್ತೀರಿ. ಹಾಗಾಗಿ ಬ್ಯಾಟರಿ ಮುಟ್ಟುವ ಮೊದಲು ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ, ಚಕ್ರಕ್ಕೆ ಕಲ್ಲು. ಈ ಮೂರರಲ್ಲಿ ಯಾವುದನ್ನೂ ಬಿಡಬೇಡಿ.

ಕೀ ಕಡೆಯ ತೆಳು ವೈರ್ ತಪ್ಪಿ 30ಕ್ಕೆ ಹೋದರೆ ಸೆಲ್ಫ್ ಹೊಡೆಯುವುದಿಲ್ಲ, ಬೇರೇನೂ ಕಾಣಿಸುವುದಿಲ್ಲ. ಆದರೆ ಆ ತೆಳು ವೈರಿನಲ್ಲಿ ಹಗಲೂ ರಾತ್ರಿ ಬ್ಯಾಟರಿಯ ಕರೆಂಟ್ ಇರುತ್ತದೆ, ನಡುವೆ ಫ್ಯೂಸ್ ಇಲ್ಲ. ಎಲ್ಲಾದರೂ ಬಾಡಿಗೆ ಉಜ್ಜಿದರೆ ವೈರಿಂಗೇ ಸುಟ್ಟುಹೋಗುತ್ತದೆ.

30ರ ಬೋಲ್ಟಿಗೆ ಬ್ಯಾಟರಿ ಕೇಬಲ್ ಒಂದೇ ಸಾಕಾ? ನನ್ನ ಹತ್ತಿರ ಇನ್ನೆರಡು ಲಗ್ (ವೈರ್ ತುದಿಯ ಲೋಹದ ಬಳೆ) ಉಳಿದಿವೆ.

ಉಳಿದಿದ್ದರೆ ಅವಕ್ಕೂ ಕೆಲಸ ಇದೆ ಅಂತ ಅರ್ಥ. ಬಹಳಷ್ಟು ಗಾಡಿಗಳಲ್ಲಿ ಈ ಬೋಲ್ಟನ್ನೇ ಜಂಕ್ಷನ್ ಆಗಿ ಬಳಸುತ್ತಾರೆ. ಆಲ್ಟರ್ನೇಟರ್ ಚಾರ್ಜ್ ಲೈನ್ ಇಲ್ಲಿಗೇ ಬರುತ್ತದೆ, ಕೆಲವು ಗಾಡಿಗಳಲ್ಲಿ ಫ್ಯೂಸ್ ಬಾಕ್ಸಿಗೆ ಹೋಗುವ ಮುಖ್ಯ ಲೈನ್ ಕೂಡ. ಮುಖ್ಯ ಲೈನ್ ಬಿಟ್ಟುಹೋದರೆ ಹಾರ್ನ್, ಲೈಟ್, ಕೀ ಯಾವುದಕ್ಕೂ ಜೀವ ಇರುವುದಿಲ್ಲ. ಆಲ್ಟರ್ನೇಟರ್ ಲೈನ್ ಬಿಟ್ಟುಹೋದರೆ ಗಾಡಿ ಸ್ಟಾರ್ಟ್ ಆಗುತ್ತದೆ, ಆದರೆ ಬ್ಯಾಟರಿ ಖಾಲಿ ಆಗುವ ತನಕ ಮಾತ್ರ ಓಡುತ್ತದೆ.

ವೈರಿನ ಬಣ್ಣ ನೋಡಿ ಗುರುತಿಸಬಹುದಲ್ವಾ?

ಕಾರ್ಖಾನೆಯ ವೈರಿಂಗ್ ಹಾಗೇ ಉಳಿದಿದ್ದರೆ ಸ್ವಲ್ಪ ಮಟ್ಟಿಗೆ. ಇಪ್ಪತ್ತು ವರ್ಷ ಹಳೆಯ ಗಾಡಿಯಲ್ಲಿ ಯಾರೋ ಎಲೆಕ್ಟ್ರಿಷಿಯನ್ ಅಂಗಡಿಯಲ್ಲಿದ್ದ ಬಣ್ಣದ ವೈರ್ ಸೇರಿಸಿರುತ್ತಾರೆ. ಬ್ರಿಟಿಷ್ ಮೂಲದ ಹಳೆಯ ಗಾಡಿಗಳಲ್ಲಿ ಲುಕಾಸ್ ಕಂಪನಿಯ ಬಣ್ಣದ ಪದ್ಧತಿ ಇದೆ. ಅದರಲ್ಲಿ ಕಂದು ಅಂದರೆ ಬ್ಯಾಟರಿಯಿಂದ ನೇರ ಬರುವ ಲೈನ್, ಬಿಳಿ ಅಂದರೆ ಇಗ್ನಿಷನ್, ಬಿಳಿ ಮೇಲೆ ಕೆಂಪು ಗೆರೆ ಅಂದರೆ ಸ್ಟಾರ್ಟರ್ ಸೊಲೆನಾಯ್ಡ್, ಕಪ್ಪು ಅಂದರೆ ಅರ್ತ್. ಬೇರೆ ದೇಶದ ಗಾಡಿಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಬಣ್ಣ ಒಂದು ಸುಳಿವು ಅಷ್ಟೇ, ಮೀಟರ್ ಇಟ್ಟು ನೋಡಿ.

ಬಿಚ್ಚುವಾಗ ಗುರುತು ಹಾಕಿಲ್ಲ, ಫೋಟೋನೂ ಇಲ್ಲ. ಈಗ ಯಾವುದು ಯಾವುದು ಅಂತ ಹೇಗೆ ಕಂಡುಹಿಡಿಯುವುದು?

ಗಾಬರಿ ಬೇಡ. ಬ್ಯಾಟರಿಯ ದಪ್ಪ ಕೇಬಲ್ ನೋಡಿದರೇ ಗೊತ್ತಾಗುತ್ತದೆ. ಆಲ್ಟರ್ನೇಟರ್ ವೈರಿಗೆ, ಬ್ಯಾಟರಿ ಬಿಚ್ಚಿದ ಸ್ಥಿತಿಯಲ್ಲಿ ಮಲ್ಟಿಮೀಟರನ್ನು ಬೀಪ್ ಗುರುತಿಗೆ ಇಟ್ಟು ಒಂದು ತುದಿಯನ್ನು ಆಲ್ಟರ್ನೇಟರ್ ಹಿಂದಿನ ದಪ್ಪ ಬೋಲ್ಟಿಗೆ, ಇನ್ನೊಂದನ್ನು ಲಗ್ಗಿಗೆ ತಾಗಿಸಿ. ಬೀಪ್ ಬಂದದ್ದು ಆ ವೈರ್. ಯಾವುದೂ ಬೀಪ್ ಅನ್ನದಿದ್ದರೆ ಆ ಲೈನಿನ ಫ್ಯೂಸ್ ನೋಡಿ.

50ರ ವೈರ್ ಕಂಡುಹಿಡಿಯಲು ಬಿಡಿ ಲಗ್ಗುಗಳಿಗೆಲ್ಲಾ ಇನ್ಸುಲೇಷನ್ ಟೇಪ್ ಸುತ್ತಿ, ಒಂದಕ್ಕೊಂದು ತಾಗದಂತೆ ಇಡಿ. ಫ್ಯೂಸ್ ಬಾಕ್ಸಿಗೆ ಕರೆಂಟ್ ಬರುವಂತೆ ಬ್ಯಾಟರಿ ಜೋಡಿಸಿ, ಗೇರ್ ನ್ಯೂಟ್ರಲ್ ಇಡಿ. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಎಂಜಿನ್ ಲೋಹಕ್ಕೆ ಕಚ್ಚಿಸಿ, ಮುಳ್ಳನ್ನು ಅನುಮಾನದ ವೈರಿಗೆ ಇಟ್ಟು, ಇನ್ನೊಬ್ಬರಿಗೆ ಕೀ ತಿರುಗಿಸಲು ಹೇಳಿ. ಕೀ ಸ್ಟಾರ್ಟ್ ಜಾಗಕ್ಕೆ ಬಂದಾಗ ಮಾತ್ರ ಉರಿದು, ಬಿಟ್ಟಾಗ ಆರುವ ವೈರೇ 50ರದ್ದು. ಕೀ ಆನ್ ಇದ್ದಷ್ಟು ಹೊತ್ತೂ ಉರಿದರೆ ಅದು ಬೇರೆ ಯಾವುದೋ.

ಆಟೋಮ್ಯಾಟಿಕ್ ಗಾಡಿ ಆದರೆ ಲಿವರ್ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇದ್ದರೆ ಮಾತ್ರ ಈ ವೈರಿಗೆ ಕರೆಂಟ್ ಬರುತ್ತದೆ. ಕೆಲವು ಮ್ಯಾನ್ಯುಯಲ್ ಗಾಡಿಗಳಲ್ಲಿ ಕ್ಲಚ್ ಒತ್ತಿರಬೇಕು. ಈ ಸ್ವಿಚ್ಚುಗಳ ಕನೆಕ್ಟರ್ ಜೋಡಿಸಲು ಮರೆತರೂ ಸೆಲ್ಫ್ ಹೊಡೆಯುವುದಿಲ್ಲ. ಅದನ್ನು ಬೈಪಾಸ್ ಮಾಡಿ ಮುಗಿಸಬೇಡಿ. ಗೇರಿನಲ್ಲಿದ್ದಾಗ ಗಾಡಿ ಹಾರದಿರಲಿ ಅಂತಲೇ ಅದನ್ನು ಇಟ್ಟಿರುವುದು.

ಅರ್ತ್ ಬಗ್ಗೆ ಇಷ್ಟೊಂದು ಹೇಳುತ್ತೀರಿ. ನೆಗೆಟಿವ್ ಕೇಬಲ್ ಬಾಡಿಗೆ ಹಾಕಿದ್ದೇನೆ, ಅಷ್ಟು ಸಾಲದಾ?

ಸಾಲದು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿದೆ. ರಬ್ಬರಿನಲ್ಲಿ ಕರೆಂಟ್ ಹೋಗುವುದಿಲ್ಲ. ಬಾಡಿಯಿಂದ ಎಂಜಿನ್ನಿಗೋ ಗೇರ್‌ಬಾಕ್ಸಿಗೋ ಒಂದು ಹೆಣೆದ ತಾಮ್ರದ ಪಟ್ಟಿ ಅಥವಾ ದಪ್ಪ ಕೇಬಲ್ ಇರಲೇಬೇಕು. ಕೆಲವು ಗಾಡಿಗಳಲ್ಲಿ ನೆಗೆಟಿವ್ ಕೇಬಲ್ ನೇರ ಗೇರ್‌ಬಾಕ್ಸಿಗೆ ಬಂದು, ಅದರಿಂದ ಒಂದು ತೆಳು ಕವಲು ಬಾಡಿಗೆ ಹೋಗುತ್ತದೆ. ಎರಡರಲ್ಲಿ ಯಾವ ಪದ್ಧತಿ ಆದರೂ ಎರಡೂ ಕಡೆ ಸಂಪರ್ಕ ಇರಬೇಕು.

ಈ ಪಟ್ಟಿ ಹಾಕಲು ಮರೆತು ಸೆಲ್ಫ್ ಹೊಡೆದರೆ, ನೂರಕ್ಕೂ ಹೆಚ್ಚು ಆಂಪಿಯರ್ ಕರೆಂಟ್ ವಾಪಸ್ ಹೋಗಲು ಸಿಕ್ಕ ದಾರಿ ಹುಡುಕುತ್ತದೆ. ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಚೋಕ್ ಕೇಬಲ್ ಎಲ್ಲವೂ ಉಕ್ಕಿನವೇ, ಎಂಜಿನ್ನಿನಿಂದ ಬಾಡಿಗೆ ಹೋಗುವಂಥವೇ. ಅವು ಬಿಸಿಯಾಗಿ ಹೊಗೆ ಬರುತ್ತದೆ, ಹೊರಗಿನ ಪ್ಲಾಸ್ಟಿಕ್ ಕರಗುತ್ತದೆ, ಒಳಗೆ ತಂತಿ ಹಿಡಿದುಕೊಳ್ಳುತ್ತದೆ. ಸೆಲ್ಫ್ ಹೊಡೆಯುವಾಗ ಕ್ಲಚ್ ಕೇಬಲ್ ಬಿಸಿಯಾಗುತ್ತಿದೆ ಅಂದರೆ ಕೇಬಲ್ ಬದಲಿಸಲು ಹೋಗಬೇಡಿ, ಅರ್ತ್ ಪಟ್ಟಿ ಹುಡುಕಿ.

ಹೊಸದಾಗಿ ಬಣ್ಣ ಹೊಡೆಸಿದ ಗಾಡಿಯಲ್ಲಿ ಇದೇ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ಪಟ್ಟಿ ಇದೆ, ಬೋಲ್ಟು ಬಿಗಿ ಇದೆ, ಆದರೆ ಲಗ್ ಕೆಳಗೆ ಪೇಂಟ್ ಇದೆ. ಲಗ್ ಕೂರುವಷ್ಟು ಜಾಗವನ್ನು ಎಮರಿ ಪೇಪರಿನಿಂದ ಲೋಹ ಹೊಳೆಯುವ ತನಕ ಉಜ್ಜಿ. ಗೇರ್‌ಬಾಕ್ಸ್ ಹೌಸಿಂಗಿಗೆ ಸಿಲ್ವರ್ ಪೇಂಟ್ ಹೊಡೆಸಿದ್ದರೆ ಸ್ಟಾರ್ಟರ್ ಕೂರುವ ಮುಖವನ್ನೂ ಹಾಗೇ ಉಜ್ಜಬೇಕು. ಬಿಗಿ ಮಾಡಿದ ಮೇಲೆ ಹೊರಗಿನಿಂದ ಗ್ರೀಸ್ ಅಥವಾ ವ್ಯಾಸಲೀನ್ ಸವರಿ, ತುಕ್ಕು ಹಿಡಿಯುವುದಿಲ್ಲ. ಮಂಗಳೂರು, ಉಡುಪಿ, ಕಾರವಾರದ ಕಡೆ ಉಪ್ಪುಗಾಳಿಗೆ ಈ ಒಂದು ಸಣ್ಣ ಕೆಲಸ ಬಹಳ ಮುಖ್ಯ.

ಅರ್ತ್ ಸರಿ ಇದೆಯಾ ಅಂತ ಅಳೆಯುವುದು ಹೇಗೆ?

ಬೀಪ್ ನಂಬಬೇಡಿ. ಒಂದೇ ಎಳೆ ತಾಮ್ರ ಉಳಿದಿದ್ದರೂ ಬೀಪ್ ಬರುತ್ತದೆ, ಆದರೆ ಆ ಎಳೆಯಲ್ಲಿ 100 ಆಂಪಿಯರ್ ಹೋಗುವುದಿಲ್ಲ. ಸೆಲ್ಫ್ ಹೊಡೆಯುತ್ತಿರುವಾಗಲೇ ಅಳೆಯಬೇಕು. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಒಂದು ತುದಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ತುದಿ ಸ್ಟಾರ್ಟರ್ ಮೈಗೆ. ಕ್ಲಾಂಪಿಗೆ ಅಲ್ಲ, ಸೀಸದ ಕಂಬಕ್ಕೇ. ಸೆಲ್ಫ್ ಹೊಡೆದಾಗ 0.2 ಅಥವಾ 0.3 ವೋಲ್ಟ್ ಒಳಗೆ ತೋರಿಸಿದರೆ ಚೆನ್ನಾಗಿದೆ. 1 ವೋಲ್ಟ್ ತೋರಿಸಿದರೆ ಅರ್ತ್ ದಾರಿಯಲ್ಲಿ ಎಲ್ಲೋ ತಡೆ ಇದೆ.

ಪಾಸಿಟಿವ್ ಕಡೆಯೂ ಹೀಗೇ, ಪಾಸಿಟಿವ್ ಕಂಬದಿಂದ 30ರ ಬೋಲ್ಟಿಗೆ. 0.5 ವೋಲ್ಟಿಗಿಂತ ಜಾಸ್ತಿ ಇರಬಾರದು. ಬ್ಯಾಟರಿಯ ಎರಡು ಕಂಬಗಳ ನಡುವೆ ಸೆಲ್ಫ್ ಹೊಡೆಯುವಾಗ 9.6 ವೋಲ್ಟಿಗಿಂತ ಕೆಳಗೆ ಇಳಿದರೆ ಬ್ಯಾಟರಿ ಚಾರ್ಜ್ ಇಲ್ಲ ಅಥವಾ ಸೋತಿದೆ. ಸುಮ್ನೆ ನಿಂತಿರುವಾಗ 12.6 ಇದ್ದರೆ ಪೂರ್ತಿ ಚಾರ್ಜ್, 12.2 ಅಂದರೆ ಸುಮಾರು ಅರ್ಧ.

ಹಳೆಯ ಕೇಬಲ್ ಗಟ್ಟಿಯಾಗಿದೆ. ಹೊಸದು ಯಾವ ದಪ್ಪದ್ದು ಹಾಕಲಿ?

ಸಣ್ಣ ಪೆಟ್ರೋಲ್ ಕಾರಿಗೆ 16 ಚದರ ಮಿಲಿಮೀಟರ್ ತಾಮ್ರ ಸಾಕು, 25 ಹಾಕಿದರೆ ಇನ್ನೂ ಒಳ್ಳೆಯದು. ಡೀಸೆಲ್ ಗಾಡಿಗೆ 35 ಅಥವಾ ಅದಕ್ಕಿಂತ ಜಾಸ್ತಿ ಬೇಕು. ಲೆಕ್ಕ ನೋಡಿ. 16ರ ತಾಮ್ರದ ಕೇಬಲ್ ಒಂದೂವರೆ ಮೀಟರ್ ಇದ್ದರೆ, 150 ಆಂಪಿಯರ್ ಹರಿಯುವಾಗ ಸುಮಾರು ಕಾಲು ವೋಲ್ಟ್ ನಷ್ಟ. ಅದೇ ಉದ್ದಕ್ಕೆ 6ರ ವೈರ್ ಹಾಕಿದರೆ ಮುಕ್ಕಾಲು ವೋಲ್ಟಿನ ಹತ್ತಿರ ನಷ್ಟ, ವೈರೂ ಬಿಸಿ.

ಕಡಿಮೆ ಬೆಲೆಯ ಕೇಬಲಿನಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಇರುವುದುಂಟು. ತುದಿಯನ್ನು ಚಾಕುವಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಬೇಡ. ಆದರೆ ತವರ ಲೇಪದ ತಾಮ್ರ ಹೊರಗೆ ಬೆಳ್ಳಗಿರುತ್ತದೆ, ಕೆರೆದರೆ ಒಳಗೆ ಕೆಂಪು. ಅದು ಒಳ್ಳೆಯದೇ. ಬೆಂಗಳೂರಿನಲ್ಲಿ ಇರುವವರಿಗೆ ಜೆಸಿ ರೋಡಿನಲ್ಲಿ ಅಳತೆ ಕೊಟ್ಟು ಮಾಡಿಸಿಕೊಳ್ಳುವುದು ಸುಲಭ. ಲಗ್ಗನ್ನು ಹೈಡ್ರಾಲಿಕ್ ಕ್ರಿಂಪರಿನಲ್ಲೇ ಒತ್ತಿಸಿ. ಸುತ್ತಿಗೆಯಲ್ಲಿ ಜಜ್ಜಿದ ಲಗ್ ಕೆಲವೇ ತಿಂಗಳಲ್ಲಿ ಸಡಿಲ ಆಗುತ್ತದೆ.

ನಟ್ಟು ಎಷ್ಟು ಬಿಗಿ ಮಾಡಬೇಕು?

ಸೊಲೆನಾಯ್ಡಿನ ಬೋಲ್ಟು ತಾಮ್ರದ್ದು, ಕೂತಿರುವುದು ಬೇಕಲೈಟ್ ಮುಚ್ಚಳದಲ್ಲಿ. ಉದ್ದ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಇಡೀ ಬೋಲ್ಟೇ ತಿರುಗಿ ಮುಚ್ಚಳ ಸೀಳುತ್ತದೆ. 8 ಎಂಎಂ ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ನಿಮ್ಮ ಗಾಡಿಯ ಸರ್ವೀಸ್ ಮ್ಯಾನ್ಯುಯಲ್ ಏನು ಹೇಳುತ್ತದೋ ಅದೇ ಅಂತಿಮ. ಕೆಳಗೆ ಇನ್ನೊಂದು ನಟ್ಟು ಇದ್ದರೆ ಅದನ್ನು ಒಂದು ಸ್ಪ್ಯಾನರಿನಲ್ಲಿ ಹಿಡಿದು ಮೇಲಿನದನ್ನು ಬಿಗಿ ಮಾಡಿ.

ಜೋಡಿಸುವ ಕ್ರಮವೂ ಮುಖ್ಯ. ಮೊದಲು ಬ್ಯಾಟರಿಯ ದಪ್ಪ ಲಗ್, ಅದರ ಮೇಲೆ ಉಳಿದ ಲಗ್ಗುಗಳು, ಆಮೇಲೆ ವಾಷರ್, ಸ್ಪ್ರಿಂಗ್ ವಾಷರ್, ಕೊನೆಗೆ ನಟ್ಟು. ಲಗ್ಗುಗಳ ನಡುವೆ ಉಕ್ಕಿನ ವಾಷರ್ ಹಾಕಬೇಡಿ.

ಕೇಬಲನ್ನು ಹೇಗೆ ಒಯ್ಯಬೇಕು?

ಸೈಲೆನ್ಸರ್ ಪೈಪು, ಮ್ಯಾನಿಫೋಲ್ಡ್, ಆಕ್ಸಲ್ ಇವುಗಳಿಂದ ದೂರ. ಎಂಜಿನ್ ಅಲ್ಲಾಡುತ್ತದೆ, ಹಾಗಾಗಿ ಸ್ವಲ್ಪ ಸಡಿಲ ಬಿಡಿ. ಹಳೆಯ ಕ್ಲಿಪ್ಪುಗಳನ್ನೆಲ್ಲಾ ಹಾಕಿ. 30ರ ಬೋಲ್ಟಿಗೆ ರಬ್ಬರ್ ಟೋಪಿ ತಪ್ಪದೆ ಇರಲಿ.

ಜೋಡಿಸುವ ಮೊದಲೇ ಮೋಟರ್ ಚೆಕ್ ಮಾಡಬಹುದಾ?

ಮಾಡಲೇಬೇಕು. ಎಂಜಿನ್ ಕೂರಿಸಿದ ಮೇಲೆ ಮತ್ತೆ ಬಿಚ್ಚುವ ಕಷ್ಟ ತಪ್ಪುತ್ತದೆ. ಮೋಟರನ್ನು ವೈಸಿನಲ್ಲಿ ಭದ್ರವಾಗಿ ಹಿಡಿಸಿ, ಶುರು ಆಗುವಾಗ ಅದು ಒದೆಯುತ್ತದೆ. ಜಂಪರ್ ಕೇಬಲಿನಲ್ಲಿ ನೆಗೆಟಿವನ್ನು ಮೈಗೆ, ಪಾಸಿಟಿವನ್ನು 30ಕ್ಕೆ ಕೊಡಿ. ಒಂದು ತುಂಡು ವೈರಿನಿಂದ 30ರಿಂದ 50ಕ್ಕೆ ತಾಗಿಸಿ. ಬೆಂಡಿಕ್ಸ್ ಹಾರಿ ಹೊರಬಂದು ತಿರುಗಬೇಕು, ವೈರ್ ತೆಗೆದಾಗ ಒಳಗೆ ಹೋಗಬೇಕು. ಎರಡು ಮೂರು ಸೆಕೆಂಡು ಸಾಕು.

ಎಲ್ಲಾ ಜೋಡಿಸಿ ಆಯಿತು. ಬ್ಯಾಟರಿ ಹಾಕಿಬಿಡಲಾ?

ಇನ್ನೆರಡು ಪರೀಕ್ಷೆ ಇದೆ. ಇಲ್ಲಿ ಕಳೆಯುವ ಐದು ನಿಮಿಷ ವೈರಿಂಗ್ ಹಾರ್ನೆಸ್ಸನ್ನು ಉಳಿಸುತ್ತದೆ.

ಮೊದಲನೆಯದು, ಬ್ಯಾಟರಿ ಪೂರ್ತಿ ಹೊರಗಿರುವಾಗ. ಕೀ ಆಫ್, ಬಾಗಿಲು ಮುಚ್ಚಿರಲಿ. ಮೀಟರನ್ನು ಓಮ್‌ಗೆ ಇಟ್ಟು ಕೆಂಪು ತುದಿಯನ್ನು ಪಾಸಿಟಿವ್ ಕೇಬಲಿಗೆ, ಕಪ್ಪು ತುದಿಯನ್ನು ಬಾಡಿಗೆ ಇಡಿ. ಸರಿ ಇದ್ದರೆ ನೂರಾರು ಓಮ್ ಅಥವಾ ಅದಕ್ಕಿಂತ ಜಾಸ್ತಿ ತೋರಿಸುತ್ತದೆ. 1 ಓಮ್ ಆಸುಪಾಸು ಅಥವಾ ಕಮ್ಮಿ ತೋರಿಸಿದರೆ ಬ್ಯಾಟರಿ ಕೇಬಲ್ ಎಂ ಬೋಲ್ಟಿಗೆ ಹೋಗಿದೆ, ಅಥವಾ ಲೈವ್ ಲೈನ್ 50ಕ್ಕೆ ಹೋಗಿದೆ, ಅಥವಾ ಎಲ್ಲೋ ನೇರ ಶಾರ್ಟ್ ಇದೆ. ಮೂರರಲ್ಲಿ ಯಾವುದಾದರೂ ಇಲ್ಲೇ ಸಿಕ್ಕಿಬೀಳುತ್ತದೆ.

ಎರಡನೆಯದು ನನಗೆ ತುಂಬಾ ಇಷ್ಟವಾದ ವಿಧಾನ. ಪಾಸಿಟಿವ್ ಜೋಡಿಸಿ. ನೆಗೆಟಿವ್ ಕೇಬಲನ್ನು ನೇರ ಕಂಬಕ್ಕೆ ಹಾಕದೆ, ನಡುವೆ ಒಂದು 12 ವೋಲ್ಟ್, 21 ವ್ಯಾಟ್ ಇಂಡಿಕೇಟರ್ ಬಲ್ಬ್ ಸೇರಿಸಿ. ಬಲ್ಬ್ ಉರಿಯದಿದ್ದರೆ ಅಥವಾ ಮಂಕಾಗಿದ್ದರೆ ತೊಂದರೆ ಇಲ್ಲ, ರೇಡಿಯೋ ಗಡಿಯಾರಕ್ಕೆ ಅಷ್ಟು ಬೇಕು. ತಾಗಿಸಿದ ಗಳಿಗೆಯಲ್ಲಿ ಒಮ್ಮೆ ಮಿಂಚಿ ಆರಿದರೂ ಪರವಾಗಿಲ್ಲ. ಪೂರ್ತಿ ಪ್ರಕಾಶವಾಗಿ ಉರಿಯುತ್ತಲೇ ಇದ್ದರೆ ನಿಲ್ಲಿಸಿ, ವೈರಿಂಗ್ ಮತ್ತೆ ನೋಡಿ. ಈ ಬಲ್ಬ್ ದಾಟಿ ಎರಡು ಆಂಪಿಯರ್ ಕೂಡ ಹರಿಯುವುದಿಲ್ಲ. ಹಾಗಾಗಿ ತಪ್ಪು ಜೋಡಿಸಿದ್ದರೂ ಮೋಟರ್ ತಿರುಗುವುದಿಲ್ಲ, ವೈರ್ ಸುಡುವುದಿಲ್ಲ.

ಬ್ಯಾಟರಿಯಲ್ಲಿ ಯಾವ ಟರ್ಮಿನಲ್ ಮೊದಲು?

ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ನೆಗೆಟಿವ್ ಬಿಚ್ಚಿದ್ದರೆ ಪಾಸಿಟಿವ್ ಮೇಲಿನ ಸ್ಪ್ಯಾನರ್ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಕೈಯಲ್ಲಿ ಉಂಗುರ, ಲೋಹದ ಕಡಗ ಇದ್ದರೆ ತೆಗೆದಿಡಿ.

ಎಂಜಿನ್ ಹೊಸದಾಗಿ ಕಟ್ಟಿದ್ದು. ಮೊದಲ ಸಲ ಸೆಲ್ಫ್ ಹೇಗೆ ಹೊಡೆಯಬೇಕು?

ಸ್ಪಾರ್ಕ್ ಪ್ಲಗ್ ಬಿಚ್ಚಿಡಿ. ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಕಾರ್ಬುರೇಟರ್ ಗಾಡಿಯಲ್ಲಿ ಕಾಯಿಲಿನ ದಪ್ಪ ಹೈ ಟೆನ್ಷನ್ ವೈರನ್ನು ಅರ್ತಿಗೆ ಹಾಕಿ. ಇಂಜೆಕ್ಷನ್ ಗಾಡಿಯಲ್ಲಿ ಕಾಯಿಲ್ ಮತ್ತು ಇಂಜೆಕ್ಟರ್ ಕನೆಕ್ಟರ್ ತೆಗೆಯಿರಿ. ಆಯಿಲ್ ಲೈಟ್ ಆರುವ ತನಕ ತಿರುಗಿಸಿ, ಆದರೆ ಒಂದು ಸಲಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಬೇಡ. ನಡುವೆ ಅರ್ಧ ನಿಮಿಷವಾದರೂ ಬಿಡಿ. ಸ್ಟಾರ್ಟರ್ ಮೋಟರ್ ಸತತವಾಗಿ ಓಡಲು ಮಾಡಿದ್ದಲ್ಲ, ಬಿಸಿ ಬೇಗ ಏರುತ್ತದೆ.

ಕೀ ತಿರುಗಿಸಿದರೆ ಬರುವ ಶಬ್ದದಿಂದ ತೊಂದರೆ ಗೊತ್ತಾಗುತ್ತದಾ?

ಬಹಳ ಮಟ್ಟಿಗೆ. ಟಕಟಕಟಕ ಅಂತ ಸತತ ಬಂದರೆ ವೋಲ್ಟೇಜ್ ಬಿದ್ದುಹೋಗುತ್ತಿದೆ. ಸೊಲೆನಾಯ್ಡ್ ಎಳೆಯುತ್ತದೆ, ಮೋಟರಿಗೆ ಕರೆಂಟ್ ಹೋದ ಕೂಡಲೇ ವೋಲ್ಟೇಜ್ ಕುಸಿದು ಬಿಡುತ್ತದೆ, ಮತ್ತೆ ಎಳೆಯುತ್ತದೆ. ಬ್ಯಾಟರಿ, ಕ್ಲಾಂಪ್, ಅರ್ತ್ ನೋಡಿ. ಒಂದೇ ಒಂದು ಗಟ್ಟಿ ಟಕ್ ಬಂದು ಸುಮ್ಮನಾದರೆ ಒಳಗಿನ ತಾಮ್ರದ ಬಿಲ್ಲೆ ಸುಟ್ಟಿರಬಹುದು, ದಪ್ಪ ಕೇಬಲ್ ಸಡಿಲ ಇರಬಹುದು, ಎಂಜಿನ್ನೇ ಹಿಡಿದುಕೊಂಡಿರಬಹುದು. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲಿ ತಿರುಗುತ್ತದೆಯಾ ನೋಡಿ. ಏನೂ ಶಬ್ದ ಇಲ್ಲದಿದ್ದರೆ 50ಕ್ಕೆ ಕರೆಂಟ್ ಬರುತ್ತಿದೆಯಾ ಅಂತ ಟೆಸ್ಟ್ ಲ್ಯಾಂಪಿನಲ್ಲಿ ನೋಡಿ. ಮೋಟರ್ ತಿರುಗಿ ಎಂಜಿನ್ ತಿರುಗದಿದ್ದರೆ ಬೆಂಡಿಕ್ಸ್ ಕಡೆ ನೋಡಿ.

ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಿ ನೋಡಬಹುದಾ?

ಬೇಡ. ಗ್ಯಾರೇಜುಗಳಲ್ಲಿ ಮಾಡುತ್ತಾರೆ, ನಿಜ. ಎರಡು ದೊಡ್ಡ ಬೋಲ್ಟುಗಳ ನಡುವೆ ಇಟ್ಟರೆ ನೂರಾರು ಆಂಪಿಯರಿನ ಕಿಡಿ ಕಣ್ಣಿಗೆ ಹಾರುತ್ತದೆ. 30ರಿಂದ 50ಕ್ಕೆ ಇಟ್ಟರೆ ಗೇರಿನ ಸ್ವಿಚ್ಚೂ ಇಲ್ಲ, ಕೀಯೂ ಇಲ್ಲ, ನೇರ ಸೆಲ್ಫ್ ಹೊಡೆಯುತ್ತದೆ. ಪರೀಕ್ಷೆಗೆ ಒಂದು ಪುಶ್ ಬಟನ್ ಇರುವ ರಿಮೋಟ್ ಸ್ಟಾರ್ಟರ್ ವೈರ್ ಮಾಡಿಕೊಳ್ಳಿ, ದೂರ ನಿಂತು ಒತ್ತಬಹುದು.

ರಿಲೇ ಹಾಕಿದರೆ ಒಳ್ಳೆಯದಾ?

ಹಳೆಯ ಗಾಡಿಯಲ್ಲಿ ಹೌದು. ಸೊಲೆನಾಯ್ಡ್ ಎಳೆಯುವ ಗಳಿಗೆಯಲ್ಲಿ 50ರ ವೈರಿನಲ್ಲಿ 20ರಿಂದ 40 ಆಂಪಿಯರ್ ಹೋಗಬಹುದು. ಇದೆಲ್ಲಾ ಸವೆದ ಕೀ ಸ್ವಿಚ್ ಮೂಲಕ ಬರಬೇಕು. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್, ಅದನ್ನು ಹಾಕಿದರೆ ಕೀ ಸ್ವಿಚ್ಚಿಗೆ ಭಾರ ಇಲ್ಲ. ರಿಲೇಯ 30ಕ್ಕೆ ಫ್ಯೂಸ್ ಮೂಲಕ ಬ್ಯಾಟರಿ, 87ರಿಂದ ಸ್ಟಾರ್ಟರಿನ 50ಕ್ಕೆ, 86ಕ್ಕೆ ಮೊದಲು ಸ್ಟಾರ್ಟರಿಗೆ ಬರುತ್ತಿದ್ದ ಕೀ ವೈರ್, 85ಕ್ಕೆ ಅರ್ತ್. ರಿಲೇಯ 30ಕ್ಕೂ ಸ್ಟಾರ್ಟರಿನ 30ಕ್ಕೂ ಗೊಂದಲ ಬೇಡ, ಎರಡೂ ಬ್ಯಾಟರಿ ಲೈನೇ. ರಿಲೇ ಕೂಡ 40 ಆಂಪಿಯರಿನದ್ದೇ ಇರಲಿ.

ಹಳೆಯ ಅಂಬಾಸಿಡರಿಗೂ ಇದೇ ಲೆಕ್ಕಾನಾ?

ಇಲ್ಲ. ಹಳೆಯ ಲುಕಾಸ್ ಪದ್ಧತಿಯಲ್ಲಿ ಸೊಲೆನಾಯ್ಡ್ ಬೇರೆ, ಮೋಟರ್ ಬೇರೆ. ಮೋಟರಿಗೆ ಒಂದೇ ದಪ್ಪ ಕೇಬಲ್ ಬರುತ್ತದೆ. ಬೆಂಡಿಕ್ಸ್ ಮೋಟರ್ ತಿರುಗಿದ ರಭಸಕ್ಕೆ ತಾನೇ ಮುಂದೆ ಬರುತ್ತದೆ. ಇಲ್ಲಿ ಗಮನಿಸಬೇಕಾದದ್ದು ಕಂದು ವೈರ್. ಅದು ಸೊಲೆನಾಯ್ಡಿನ ಬ್ಯಾಟರಿ ಕಡೆಯ ಬೋಲ್ಟಿಗೇ ಬರಬೇಕು. ಮೋಟರ್ ಕಡೆಗೆ ಹೋದರೆ ಇಡೀ ಗಾಡಿಗೆ ಕರೆಂಟ್ ಇರುವುದಿಲ್ಲ. ಕೆಲವು ಸೊಲೆನಾಯ್ಡಿನಲ್ಲಿ ಕೈಯಲ್ಲಿ ಒತ್ತುವ ರಬ್ಬರ್ ಬಟನ್ ಇರುತ್ತದೆ. ಅದನ್ನು ಒತ್ತಿದಾಗ ಸೆಲ್ಫ್ ಹೊಡೆದು, ಅಷ್ಟು ಹೊತ್ತು ಮಾತ್ರ ಲೈಟ್ ಬಂದರೆ ಕಾರಣ ಇದೇ.

ಬ್ರಿಟಿಷ್ ಮೂಲದ ತುಂಬಾ ಹಳೆಯ ಗಾಡಿಗಳಲ್ಲಿ ಪಾಸಿಟಿವ್ ಅರ್ತ್ ಇರುತ್ತಿತ್ತು. ಬ್ಯಾಟರಿ ಹಾಕುವ ಮೊದಲು ಯಾವ ಕಂಬ ಬಾಡಿಗೆ ಹೋಗಬೇಕು ಅಂತ ಖಚಿತ ಮಾಡಿಕೊಳ್ಳಿ.

ಬ್ಯಾಟರಿ ಉಲ್ಟಾ ಹಾಕಿದರೆ?

ಸೀರೀಸ್ ವೈಂಡಿಂಗ್ ಮೋಟರ್ ಉಲ್ಟಾ ಹಾಕಿದರೂ ಅದೇ ದಿಕ್ಕಿಗೆ ತಿರುಗುತ್ತದೆ, ಹಾಗಾಗಿ ತಪ್ಪು ಗೊತ್ತೇ ಆಗದೆ ಹೋಗಬಹುದು. ಶಾಶ್ವತ ಮ್ಯಾಗ್ನೆಟ್ ಮೋಟರ್ ಮಾತ್ರ ಹಿಂದಕ್ಕೆ ತಿರುಗುತ್ತದೆ. ನಿಜವಾದ ಹಾನಿ ಆಲ್ಟರ್ನೇಟರಿನ ಡಯೋಡುಗಳಿಗೆ. ಮುಖ್ಯ ಫ್ಯೂಸ್ ಬೇಗ ಹಾರಿದರೆ ಅವು ಉಳಿಯಬಹುದು.

ಕೀ ಬಿಟ್ಟರೂ ಸೆಲ್ಫ್ ನಿಲ್ಲುತ್ತಿಲ್ಲ!

ಕೀ ಆಫ್ ಮಾಡಿ. ಆದರೂ ನಿಲ್ಲದಿದ್ದರೆ ತಕ್ಷಣ ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಅದಕ್ಕಾಗಿಯೇ ಮೊದಲ ಸಲ ಸೆಲ್ಫ್ ಹೊಡೆಯುವಾಗ ಸ್ಪ್ಯಾನರ್ ಹಿಡಿದು ಒಬ್ಬರು ಬ್ಯಾಟರಿ ಹತ್ತಿರ ನಿಂತಿರಬೇಕು. ಆಮೇಲೆ 50ರ ವೈರ್ ತೆಗೆದು ನೋಡಿ. ವೈರ್ ಇಲ್ಲದಿದ್ದರೂ ತಿರುಗಿದರೆ ಒಳಗಿನ ಬಿಲ್ಲೆ ಬೆಸೆದುಕೊಂಡಿದೆ, ಸೊಲೆನಾಯ್ಡ್ ಬದಲಿಸಿ. ವೈರ್ ತೆಗೆದಾಗ ನಿಂತರೆ ಕೀ ಸ್ವಿಚ್ ಅಥವಾ ರಿಲೇ ಅಂಟಿಕೊಂಡಿದೆ.

ಸ್ಟಾರ್ಟ್ ಆಯಿತು, ಆದರೆ ಬ್ಯಾಟರಿ ಲೈಟ್ ಆರುತ್ತಿಲ್ಲ. ಇದೂ ಸ್ಟಾರ್ಟರ್ ವೈರಿಂಗ್ ತಪ್ಪಾ?

ಇರಬಹುದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಕಂಬಗಳ ನಡುವೆ ಸುಮಾರು 13.8ರಿಂದ 14.4 ವೋಲ್ಟ್ ಇರಬೇಕು. 12.4 ಅಥವಾ ಅದಕ್ಕಿಂತ ಕಮ್ಮಿ ನಿಂತಿದ್ದರೆ ಎಂಜಿನ್ ಆಫ್ ಮಾಡಿ, ಆಲ್ಟರ್ನೇಟರ್ ಹಿಂದಿನ ದಪ್ಪ ಬೋಲ್ಟಿನಲ್ಲಿ ವೋಲ್ಟ್ ಅಳೆಯಿರಿ. ಅಲ್ಲಿ ಬ್ಯಾಟರಿಯಷ್ಟೇ ವೋಲ್ಟ್ ಬರಬೇಕು. ಸೊನ್ನೆ ಬಂದರೆ 30ರ ಬೋಲ್ಟಿನಲ್ಲಿ ಆ ಲಗ್ ಕೂತಿಲ್ಲ, ಅಥವಾ ನಡುವಿನ ಫ್ಯೂಸಿಬಲ್ ಲಿಂಕ್ (ಫ್ಯೂಸಿನಂತೆ ಕೆಲಸ ಮಾಡುವ ವೈರ್ ತುಂಡು) ಸುಟ್ಟಿದೆ. ವೋಲ್ಟ್ ಸರಿ ಬಂದರೆ ಆಲ್ಟರ್ನೇಟರಿನ ಸಣ್ಣ ಕನೆಕ್ಟರ್ ಸರಿಯಾಗಿ ಕೂತಿದೆಯಾ ಮತ್ತು ಬೆಲ್ಟ್ ಬಿಗಿ ಇದೆಯಾ ಅಂತ ನೋಡಿ.